ಮಗಳಿಗೊಂದು ಪಂಜರ ಹುಡುಕಿದ್ದು

ವರ್ಷದಲ್ಲಿ ಮುಕ್ಕಾಲು ಪಾಲು ಮೋಡ ಮುಸುಕಿರುವ ಊರಲ್ಲಿದ್ದುಕೊಂಡು, ಬಯಲಲ್ಲಿ ಆಡುವ ಆಟಕ್ಕೆ ಮಗಳು ಮನಸೋತರೆ ಮನೆಯವರಿಗೆ ಒಂದಲ್ಲ ಒಂದು ಆಗುತ್ತಲೇ ಇರುತ್ತೆ. ನಮಗಂತೂ ಶನಿವಾರ ಬಂದರೆ ಸಾಕು. ಸೋಮವಾರ ಬೆಳಿಗ್ಗೆ ಲೈಟ್ ರೈಲಲ್ಲಿ ಕೂತು ಕಿಟಕಿಗೆ ತಲೆ ಆನಿಸಿದಾಗ, ಮೊನ್ನೆ ಆದದ್ದು ನಿಜವಾಗಿ ಆದದ್ದೋ ಅಥವಾ ನಿದ್ದೆಗಣ್ಣಲ್ಲಿ ಕಂಡದ್ದೋ ಅಂತ ನನಗೇ ಗೊತ್ತಾಗುವುದಿಲ್ಲ. ಹೊರಗೆ ಮಂಜು, ಒಳಗೆ ಬೆಚ್ಚಗೆ, ನನಗೆ ಒಬ್ಬಳಿಗೇ ನಗು. ಎದುರು ಕೂತವರು ಫೋನಿನಿಂದ ತಲೆ ಎತ್ತಿ ಒಮ್ಮೆ ನೋಡಿ ಮತ್ತೆ ತಗ್ಗಿಸುತ್ತಾರೆ.

ನಾವಿರುವುದು ಅಮೆರಿಕದ ರೆಡ್ಮಂಡ್‌ನಲ್ಲಿ. ನಾನು ಗದಗಿನ ಬೆಟಗೇರಿಯವಳು, ನಮ್ಮವರು ಮೈಸೂರಿನವರು, ಇಬ್ಬರದೂ ಸಾಫ್ಟ್‌ವೇರ್ ಕೆಲಸ. ಮಗಳು ಮಿಡ್ಲ್ ಸ್ಕೂಲಿಗೆ ಹೋಗುತ್ತಾಳೆ, ಬೇಸ್‌ಬಾಲ್ ಥರದ ಸಾಫ್ಟ್‌ಬಾಲ್ ಆಡುತ್ತಾಳೆ. ಕನ್ನಡ ಎಲ್ಲಾ ಅರ್ಥವಾಗುತ್ತೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಆ ವರ್ಷ ನಮ್ಮತ್ತೆ ಮೈಸೂರಿಂದ ಬಂದು ನಮ್ಮ ಜೊತೆಗಿದ್ದರು. ಅತ್ತೆ ಇದ್ದದ್ದರಿಂದಲೇ ಇಷ್ಟೆಲ್ಲ ಆಯಿತು ಅಂತ ನಮ್ಮವರು ಹೇಳುತ್ತಾರೆ. ನಮ್ಮವರು ಇದ್ದದ್ದರಿಂದ ಅಂತ ಅತ್ತೆ ಹೇಳುತ್ತಾರೆ.

ಪಂಜರ

ಬೇಸಿಗೆಯ ಕೊನೆಯ ಪಂದ್ಯದಲ್ಲಿ ಬಾಲು ಬಂದು ಮಗಳ ಭುಜಕ್ಕೆ ಬಡಿಯಿತು. ಸಾಫ್ಟ್‌ಬಾಲ್ ಅಂತ ಹೆಸರಿಟ್ಟವರು ಅದನ್ನು ಮುಟ್ಟಿ ನೋಡಿರಲಿಲ್ಲ ಅಂತ ಕಾಣುತ್ತೆ. ಹಳದಿ ಬಣ್ಣ, ಮೂಸಂಬಿಗಿಂತ ದಪ್ಪ, ಬಿದ್ದರೆ ತೆಂಗಿನಕಾಯಿ ಬಿದ್ದ ಹಾಗೆ. ಭುಜದ ನೋವು ವಾರದಲ್ಲಿ ಹೋಯಿತು. ಆದರೆ ಅಂದಿನಿಂದ ಬಾಲು ಹತ್ತಿರ ಬಂದರೆ ಸಾಕು, ಮಗಳು ಕಣ್ಣು ಮುಚ್ಚಿಕೊಳ್ಳುವುದಕ್ಕೆ ಶುರು ಮಾಡಿದಳು. ಬ್ಯಾಟು ಬೀಸುವುದೇನೋ ಬೀಸುತ್ತಿದ್ದಳು, ಮಂಗಳಾರತಿ ಹೊತ್ತಿನಲ್ಲಿ ಕೈ ಮುಗಿದು ನಿಂತವರ ಮುಖ ಮಾಡಿಕೊಂಡು.

ಅವಳ ಕೋಚ್ ಎತ್ತರದ ಹೆಂಗಸು, ಮಾತು ಮೆತ್ತಗೆ. ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: ಭಯ ಬಾಲಿನಿಂದ ಬಂದದ್ದು, ಬಾಲು ನೋಡುತ್ತಾ ನೋಡುತ್ತಾನೇ ಹೋಗಬೇಕು. ಇನ್ನು ಮಳೆ ಶುರುವಾದರೆ ಮೈದಾನ ಸಿಗುವುದಿಲ್ಲ. ಮನೆ ಹತ್ತಿರ ಒಂದು ಒಳ್ಳೆಯ ಬ್ಯಾಟಿಂಗ್ ಕೇಜ್ ನೋಡಿಕೊಳ್ಳಿ. ಚಳಿಗಾಲ ಕಳೆದ ಮೇಲೆ ತಂಡದ ಆಯ್ಕೆ ಇದೆ, ಕಣ್ಣು ಮುಚ್ಚುವವರನ್ನು ತೆಗೆದುಕೊಳ್ಳುವುದಕ್ಕೆ ಆಗುವುದಿಲ್ಲ.

ಮಗಳು ಕಾರಲ್ಲಿ ಮನೆ ಬರುವ ತನಕ ಹೆಲ್ಮೆಟ್ಟನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದಳು. ಆ ತಂಡ ಸೇರಬೇಕು ಅಂತ ಅವಳು ಎಷ್ಟು ಆಸೆಪಟ್ಟಿದ್ದಳು ಅನ್ನುವುದು ಅದರಲ್ಲೇ ಗೊತ್ತಾಯಿತು.

ಮನೆಗೆ ಬಂದು ನಮ್ಮವರಿಗೆ ಇದನ್ನೆಲ್ಲ ಹೇಳಿದ್ದನ್ನು ಕೇಳಿಸಿಕೊಂಡು ಅತ್ತೆ ಕೇಳಿದರು, "ಏನಮ್ಮಾ ಅದು ಕೇಜು?"

ನಾನು ಒಗ್ಗರಣೆ ಹಾಕುತ್ತಿದ್ದೆ. ಯೋಚನೆ ಎಲ್ಲೋ ಇತ್ತು. "ಪಂಜರ ಅತ್ತೆ. ಇವಳು ಒಳಗೆ ಹೋಗಿ ನಿಂತುಕೊಳ್ತಾಳೆ, ಆ ಕಡೆಯಿಂದ ಮಷೀನು ಬಾಲ್ ಎಸೆಯುತ್ತೆ," ಅಂದೆ.

ಸುತ್ತ ಬಲೆ ಕಟ್ಟಿದ ಉದ್ದನೆ ಓಣಿ ಅದು, ಬ್ಯಾಟು ಹಿಡಿದುಕೊಂಡು ಅಭ್ಯಾಸ ಮಾಡುವ ಜಾಗ ಅಂತ ಹೇಳಬೇಕಾಗಿತ್ತು. ಹೇಳಲಿಲ್ಲ. ಅತ್ತೆ ಹಾಗೇ ಎದ್ದು ಹೋಗಿ ಮೈಸೂರಿನ ತಂಗಿಗೆ ಫೋನ್ ಮಾಡಿದರು. ಅತ್ತೆ ಮಾತಾಡುವುದು ಯಾವಾಗಲೂ ಸ್ಪೀಕರ್ ಹಾಕಿಕೊಂಡೇ.

"ಮಗೂನ ಪಂಜರಕ್ಕೆ ಹಾಕ್ತಾರಂತೆ ಕಣೇ."

"ಯಾರು?"

"ಇನ್ಯಾರು, ಅಪ್ಪ ಅಮ್ಮಾನೇ."

"ಹಾಕಿ?"

"ಒಂದು ಮಷೀನಲ್ಲಿ ಬಾಲ್ ಹೊಡೆಸ್ತಾರಂತೆ."

ಆ ಕಡೆ ಟೀವಿ ಆರಿಸಿದ ಸದ್ದು ಕೇಳಿಸಿತು. ಆಮೇಲೆ ಚಿಕ್ಕತ್ತೆ ತಗ್ಗಿದ ದನಿಯಲ್ಲಿ ಕೇಳಿದರು, "ಅಂಥಾದ್ದೇನು ಮಾಡ್ತು ಮಗು?"

ಅತ್ತೆ ಫೋನನ್ನು ಸೆರಗಲ್ಲಿ ಮುಚ್ಚಿ ಅಡುಗೆಮನೆ ಬಾಗಿಲಿಗೆ ಬಂದರು. "ಏನು ಮಾಡಿದಳು ಅಂತ ಕೇಳ್ತಿದಾಳೆ."

ನನಗೆ ಇನ್ನೂ ಎಚ್ಚರವಾಗಿರಲಿಲ್ಲ. "ಕಣ್ಣು ಮುಚ್ಚಿಕೊಂಡಳು ಅತ್ತೆ," ಅಂದೆ.

ಅತ್ತೆ ಅದನ್ನೇ ಹೇಳಿದರು. ಮೈಸೂರಿಂದ ಒಂದು ದೊಡ್ಡ ನಿಟ್ಟುಸಿರು ಬಂತು.

"ಅಮೆರಿಕದಲ್ಲಿ ಸ್ಕೂಲು ಬಹಳ ಸ್ಟ್ರಿಕ್ಟು ಅಂತ ಕೇಳಿದ್ದೆ ಕಣಕ್ಕಾ. ಇಷ್ಟು ಅಂತ ಗೊತ್ತಿರಲಿಲ್ಲ."

ನೋ ಬಾಲ್

ಮೊದಲು ನೋಡಿದ್ದು ಒಂದು ಟಯರ್ ಅಂಗಡಿಯ ಹಿಂದಿದ್ದ ಗೋದಾಮು. ಶನಿವಾರ ಬೆಳಿಗ್ಗೆ, ಜಿನುಗು ಮಳೆ. ಒಳಗೆ ಹೋದರೆ ಮಸುಕು ಬೆಳಕಿನಲ್ಲಿ ಸಾಲು ಸಾಲು ಬಲೆ, ಅದರೊಳಗೆ ಹಳದಿ ಬಾಲುಗಳು ಆ ಕಡೆಯಿಂದ ಈ ಕಡೆಗೆ ತೇಲಿ ಬರುತ್ತಿದ್ದವು. ಕೆರೆಯ ತಳಕ್ಕೆ ಇಳಿದು ಮೀನು ನೋಡಿದ ಹಾಗಿತ್ತು. ನಾನು ಅಲ್ಲೇ ಬಾಗಿಲಲ್ಲಿ ನಿಂತುಬಿಟ್ಟೆ. ಅತ್ತೆ ಮಾತ್ರ ನೇರವಾಗಿ ಬಚ್ಚಲು ಎಲ್ಲಿದೆ, ಹೇಗಿದೆ ಅಂತ ನೋಡಿಕೊಂಡು ಬರುವುದಕ್ಕೆ ಹೋದರು.

ನಮ್ಮವರು ಕಾಲೇಜಲ್ಲಿ ಕ್ರಿಕೆಟ್ ಆಡಿದವರು. ಮೈಸೂರಿನ ಯಾವುದೋ ಮೈದಾನದಲ್ಲಿ ಅವರು ಆಡಿದ ಒಂದು ಕವರ್ ಡ್ರೈವ್ ನಮ್ಮ ಮದುವೆಗೂ ಹಳೆಯದು, ಈಗಲೂ ಊಟಕ್ಕೆ ಕೂತಾಗ ಆಗಾಗ ಬರುತ್ತೆ. ಅವರು ಮಗಳ ಕೈಯಿಂದ ಬ್ಯಾಟು ಇಸಿದುಕೊಂಡರು.

"ಮೊದಲು ನಾನು ಮಷೀನ್ ಹೇಗಿದೆ ಅಂತ ಚೆಕ್ ಮಾಡ್ತೀನಿ. ಆಮೇಲೆ ಮಗು."

ಮಗಳು ಬೆಂಚಿಗೆ ಹೋಗಿ ಕೂತು ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡಳು.

ನಮ್ಮವರು ಕೇಜಿನೊಳಗೆ ಹೋಗಿ ನಿಂತರು. ಎಡ ಮೊಣಕೈ ಎತ್ತರಕ್ಕೆ, ಬ್ಯಾಟಿನ ತುದಿ ನೆಲಕ್ಕೆ. ಸುತ್ತ ಒಮ್ಮೆ ಫೀಲ್ಡಿಂಗ್ ನೋಡಿಕೊಂಡರು. ಅಲ್ಲಿದ್ದದ್ದು ಬಲೆ ಮಾತ್ರ, ಆದರೂ ನೋಡಿಕೊಂಡರು. ಮಷೀನು ಗುಡುಗಿತು. ಬಾಲು ಬಂತು. ಅವರು ಅದು ಪುಟಿಯಲಿ ಅಂತ ಕಾದರು. ಅದು ಪುಟಿಯಲಿಲ್ಲ, ಎದೆಯ ಮುಂದೆ ಹಾಯ್ದು ಹಿಂದಿನ ಬಲೆಗೆ ಬಡಿಯಿತು. ನಮ್ಮವರು ಬ್ಯಾಟನ್ನು ಗಂಭೀರವಾಗಿ ಮೇಲೆತ್ತಿ, "ಸೊಂಟದ ಮೇಲೆ. ನೋ ಬಾಲ್," ಅಂದರು.

ಕ್ರಿಕೆಟ್ಟಿನಲ್ಲಿ ಅದು ನಿಯಮ. ಆದರೆ ಅಲ್ಲಿ ನೋಡಿಕೊಳ್ಳುತ್ತಿದ್ದವಳು ಕಾಲೇಜು ಓದುವ ಹುಡುಗಿ, ಕ್ರಿಕೆಟ್ಟಿನ ಗಂಧವಿಲ್ಲದವಳು. ಹೆಡ್‌ಫೋನ್ ಕುತ್ತಿಗೆಗೆ ಇಳಿಸಿ, "ನೋ ಬಾಲ್?" ಅಂತ ಕೇಳಿದಳು.

"ಯೆಸ್. ನೋ ಬಾಲ್," ಅಂದರು ನಮ್ಮವರು, ಕೊನೆಗೂ ಒಬ್ಬರು ತಿಳಿದವರು ಸಿಕ್ಕರು ಅನ್ನುವ ಸಂತೋಷದಲ್ಲಿ.

ಬಾಲು ಮುಗಿದಿದೆ ಅಂತ ಅವಳು ತಿಳಿದುಕೊಂಡಳು. ಸಾರಿ ಕೇಳಿ, ಒಂದು ಬಕೆಟ್ ಬಾಲು ತಂದು ಮಷೀನಿಗೆ ಸುರಿದಳು. ಮಷೀನು ಮತ್ತೆ ಎಸೆಯಿತು. ಈ ಬಾರಿಯೂ ಎದೆಮಟ್ಟಕ್ಕೆ. "ನೋ ಬಾಲ್," ಅಂದರು. ಅವಳು ಇನ್ನೊಂದು ಬಕೆಟ್ ತಂದಳು. ಇವರು ಒಂದೂ ಹೊಡೆಯಲಿಲ್ಲ, ಒಂದನ್ನೂ ಒಪ್ಪಲಿಲ್ಲ. ಅವಳು ಪಾಪ ಸುಮ್ಮನೆ ಓಡಾಡಿದಳು. ನನಗೆ ಎದ್ದು ಹೋಗಿ ಹೇಳಬೇಕು ಅನ್ನಿಸುತ್ತಿತ್ತು. ಆದರೆ ಆ ಹಳದಿ ಬಾಲುಗಳು ಒಂದರ ಹಿಂದೆ ಒಂದು ಬರುವುದು ಎಷ್ಟು ಚೆನ್ನಾಗಿತ್ತು ಅಂದರೆ ಏಳುವುದಕ್ಕೆ ಮನಸ್ಸೇ ಬರಲಿಲ್ಲ.

ಕೊನೆಗೆ ಪಕ್ಕದ ಕೇಜಿನಿಂದ ಒಬ್ಬ ಅಪ್ಪ ಬಂದ. ಅವನ ಮಗ ಹೆಲ್ಮೆಟ್ ಹಾಕಿಕೊಂಡು ಸುಮ್ಮನೆ ನಿಂತಿದ್ದ. ಆ ಕಡೆಯ ಮಷೀನುಗಳೆಲ್ಲ ಖಾಲಿ ತಿರುಗುತ್ತಿದ್ದವು. ಗೋದಾಮಿನ ಬಾಲೆಲ್ಲ ನಮ್ಮ ಕೇಜಿನಲ್ಲಿತ್ತು.

"ಎಕ್ಸ್‌ಕ್ಯೂಸ್ ಮಿ," ಅಂದ ಅವನು ಬಹಳ ವಿನಯದಿಂದ. "ನೋ ಬಾಲ್."

ನಮ್ಮವರು ಅವನ ಕೈ ಕುಲುಕಿದರು. "ಅದನ್ನೇ ನಾನೂ ಹೇಳ್ತಿದೀನಿ," ಅಂದರು.

ಯಾರ ಮಗು

ಎರಡನೆಯದು ನಮ್ಮ ಆಫೀಸಿನ ಕಡೆಗೇ ಇತ್ತು. ಗಾಜಿನ ಗೋಡೆ, ಮೆತ್ತನೆ ಸೋಫಾ, ಒಳಗೆ ಹೋದರೆ ಅರ್ಧ ಜನ ಆಫೀಸಿನ ಲಿಫ್ಟಿನಲ್ಲಿ ನೋಡಿದ ಮುಖಗಳೇ. ಅಲ್ಲಿ ಪ್ರತಿ ಕೇಜಿನ ಹೊರಗೂ ಒಂದು ದೊಡ್ಡ ಪರದೆ. ಮಗು ಬ್ಯಾಟು ಬೀಸಿದ ಕೂಡಲೇ ವೇಗ ಎಷ್ಟು, ಕೋನ ಎಷ್ಟು, ಮೊಣಕೈ ಎಲ್ಲಿತ್ತು, ಎಲ್ಲಾ ಬಣ್ಣ ಬಣ್ಣದ ಗೆರೆಯಲ್ಲಿ ಮೂಡುತ್ತಿತ್ತು. ಅತ್ತೆಗೆ ಬಚ್ಚಲು ಇಷ್ಟವಾಯಿತು. ನಮ್ಮವರಿಗೆ ಗೆರೆಗಳು ಇಷ್ಟವಾದವು.

ಮಗಳು ಮಾತ್ರ ಅಲ್ಲೂ ಕಣ್ಣು ಮುಚ್ಚಿಯೇ ಬೀಸಿದಳು. ಆ ಪರದೆಗೆ ಎಲ್ಲಾ ಗೊತ್ತಾಗುತ್ತಿತ್ತು, ಅದೊಂದು ಬಿಟ್ಟು.

ನಮ್ಮವರು ಪರದೆಯಿಂದ ಕಣ್ಣು ಕೀಳಲಿಲ್ಲ. "ಭುಜ ಇನ್ನೂ ಸ್ವಲ್ಪ ಕೆಳಗೆ ಪುಟ್ಟಿ. ಹಾಂ, ಈಗ ಹಿಪ್ ತಿರುಗಿಸು," ಅನ್ನುತ್ತಾ ಒಬ್ಬರೇ ಮುಂದೆ ಮುಂದೆ ಹೋದರು. ಸ್ವಲ್ಪ ಹೊತ್ತಿಗೆ ಮಗಳ ಸರದಿ ಮುಗಿಯಿತು. ಅವಳು ಇನ್ನೊಂದು ಬಾಗಿಲಿನಿಂದ ಹೊರಗೆ ಬಂದು, ಹಾಟ್ ಚಾಕೊಲೇಟ್ ತೆಗೆದುಕೊಂಡು ನನ್ನ ಪಕ್ಕ ಕೂತಳು. ಕೇಜಿನೊಳಗೆ ಬೇರೆ ಹುಡುಗಿ ಹೋದಳು. ಅದೇ ಎತ್ತರ, ಅದೇ ಥರದ ಹೆಲ್ಮೆಟ್ಟು. ನಮ್ಮವರು ಪರದೆ ನೋಡುತ್ತಲೇ ಇದ್ದರು.

"ಚೆನ್ನಾಗಿ ಬರ್ತಿದೆ. ಕಾಲು ಸ್ವಲ್ಪ ಅಗಲ ಮಾಡು," ಅಂದರು, ಈ ಸಲ ಇಂಗ್ಲಿಷಿನಲ್ಲಿ.

ಒಳಗಿದ್ದ ಹುಡುಗಿ ಗಲಿಬಿಲಿಯಾಗಿ ತನ್ನ ಅಪ್ಪನ ಕಡೆ ನೋಡಿದಳು. ಅವರು ತೆಲುಗಿನವರು. ನಮ್ಮವರನ್ನು ಮೇಲಿಂದ ಕೆಳಗೆ ನೋಡಿ, ಇಷ್ಟು ಧೈರ್ಯವಾಗಿ ಹೇಳುವವರು ಇಲ್ಲಿಯ ಕೋಚೇ ಇರಬೇಕು ಅಂತ ತೀರ್ಮಾನ ಮಾಡಿದರು. "ಅಂಕುಲ್ ಚೆಪ್ಪಿನಟ್ಟು ಚೆಯ್ಯಿ," ಅಂದರು. ಹುಡುಗಿ ಅಂಕಲ್ ಹೇಳಿದ ಹಾಗೇ ಕಾಲು ಅಗಲಿಸಿದಳು. ಮುಂದಿನ ಬಾಲು ಬ್ಯಾಟಿನ ನಡುಮಧ್ಯಕ್ಕೆ ಸಿಕ್ಕಿ ಗಂಟೆ ಹೊಡೆದ ಹಾಗೆ ಕೇಳಿಸಿತು. ಪರದೆ ಮೇಲೆ ಹಸಿರು ಗೆರೆ ಚಿಮ್ಮಿತು.

"ನೋಡಿದ್ಯಾ, ನೋಡಿದ್ಯಾ," ಅಂದರು ನಮ್ಮವರು, ಪರದೆಗೆ ಬೆರಳು ತೋರಿಸಿ.

ಅಪ್ಪನಿಗೆ ಹೇಳೋಣವಾ ಅಂತ ಮಗಳು ನನ್ನ ಕಿವಿಯಲ್ಲಿ ಕೇಳಿದಳು. ನಾನು ಇನ್ನೊಂದು ಸ್ವಲ್ಪ ಹೊತ್ತು ಇರಲಿ ಅಂದೆ. ಗಾಜಿನಾಚೆ ಮೋಡ ಒಡೆದು ತೆಳುವಾದ ಬಿಸಿಲು ಬಿದ್ದಿತ್ತು. ಇವರು ಯಾರದೋ ಮಗಳಿಗೆ ಅಷ್ಟು ಪ್ರೀತಿಯಿಂದ ಹೇಳಿಕೊಡುತ್ತಿದ್ದರು, ಆ ಮಗುವೂ ಅಷ್ಟೇ ಪ್ರೀತಿಯಿಂದ ಕೇಳುತ್ತಿತ್ತು. ನಿಲ್ಲಿಸುವುದಕ್ಕೆ ಮನಸ್ಸಾಗಲಿಲ್ಲ.

ಹುಡುಗಿಯ ಸರದಿಯೂ ಮುಗಿಯಿತು. ಅವಳು ಹೆಲ್ಮೆಟ್ ತೆಗೆದು, ಬೆವರು ಒರೆಸಿಕೊಂಡು, ನಮ್ಮವರಿಗೆ ಥ್ಯಾಂಕ್ಯೂ ಹೇಳಿದಳು. ನಮ್ಮವರು ಅವಳನ್ನು ನೋಡಿದರು. ತಿರುಗಿ ಸೋಫಾದಲ್ಲಿ ಚಾಕೊಲೇಟ್ ಕುಡಿಯುತ್ತಿದ್ದ ನಮ್ಮ ಮಗಳನ್ನು ನೋಡಿದರು. ನನ್ನ ಹತ್ತಿರ ಬಂದು ಮೆಲ್ಲಗೆ, "ಇದು ಯಾರ ಮಗು?" ಅಂತ ಕೇಳಿದರು.

ನಾನು ಹೇಳುವಷ್ಟರಲ್ಲಿ ಆ ಅಪ್ಪ ಬಂದರು, ನಮಸ್ಕಾರ ಮಾಡಿದರು. "ಸಾರ್, ಶನಿವಾರದ ಬ್ಯಾಚಲ್ಲಿ ಜಾಗ ಇದೆಯಾ?"

ನಮ್ಮವರು ಏನೋ ತೊದಲಿ ತಪ್ಪಿಸಿಕೊಂಡು ಬಂದು ಕಾರು ಸ್ಟಾರ್ಟ್ ಮಾಡಿದರು. ಅರ್ಧ ದಾರಿಗೆ ಬಂದಾಗ ಅವರೇ ಅಂದರು, "ಆ ಹುಡುಗಿಗೆ ಒಳ್ಳೆ ಟ್ಯಾಲೆಂಟ್ ಇದೆ. ಅವಳ ಮನೇಲಿ ಯಾರೂ ಸರಿಯಾಗಿ ಗಮನ ಕೊಟ್ಟಿಲ್ಲ, ಅಷ್ಟೆ."

ನಿದ್ದೆ

ಮೂರನೆಯದನ್ನು ಯಾರೂ ಹೇಳಿದ್ದಲ್ಲ. ರೆಡ್ಮಂಡ್ ದಾಟಿ ಪೂರ್ವಕ್ಕೆ ಇಳಿದರೆ ಹೊಳೆಯ ಕಣಿವೆ ಸಿಗುತ್ತೆ, ಅಲ್ಲಿ ದಾರಿ ತಪ್ಪಿದಾಗ ಸಿಕ್ಕಿದ್ದು. ಮಂಜಿನಲ್ಲಿ ದನಗಳು ಅರ್ಧರ್ಧ ಕಾಣುತ್ತಿದ್ದವು. ಮುಂದೆ ಒಂದು ಹಳೇ ಮರದ ಕೊಟ್ಟಿಗೆ, ಬಾಗಿಲ ಮೇಲೆ ಕೈಬರಹದ ಬೋರ್ಡು. ಒಂದು ಕಾಲಕ್ಕೆ ಹುಲ್ಲು ತುಂಬುತ್ತಿದ್ದ ಜಾಗಕ್ಕೆ ಈಗ ಬಲೆ ಕಟ್ಟಿ ಎರಡು ಕೇಜ್ ಮಾಡಿದ್ದರು. ಮೂಲೆಯಲ್ಲಿ ಸೌದೆ ಒಲೆ ಉರಿಯುತ್ತಿತ್ತು. ಯಜಮಾನ ಬಿಳಿ ಗಡ್ಡದ ಮುದುಕ, ನಮ್ಮನ್ನು ನೋಡಿ ತಲೆ ಆಡಿಸಿದ, ಬೆಂಚು ತೋರಿಸಿದ, ಮಷೀನ್ ಹಚ್ಚಿದ. ಅಷ್ಟೇ ಅವನ ಸ್ವಾಗತ.

ಮಷೀನು ಹಳೆಯದು. ಗರ್ ಅಂತ ತಿರುಗುವುದು, ಟಪ್ ಅಂತ ಬಾಲು ಬಿಡುವುದು, ಬಾಲು ಹೋಗಿ ಧಪ್ ಅಂತ ಬಲೆಗೆ ಬೀಳುವುದು. ಗರ್, ಟಪ್, ಧಪ್. ನಾನು ಹುಟ್ಟಿದ್ದು ನೇಕಾರರ ಓಣಿಯಲ್ಲಿ. ಮಧ್ಯಾಹ್ನ ಅಜ್ಜಿಯ ಮಗ್ಗುಲಲ್ಲಿ ಮಲಗಿದರೆ ಸಾಲು ಮನೆಗಳಿಂದ ಮಗ್ಗದ ಸದ್ದು ಹೀಗೇ ಬರುತ್ತಿತ್ತು, ಒಂದೇ ಹದಕ್ಕೆ, ನಿಲ್ಲದ ಹಾಗೆ. ಎಷ್ಟೋ ವರ್ಷದಿಂದ ಆ ಸದ್ದು ಕೇಳಿರಲಿಲ್ಲ. ಒಲೆಯ ಶಾಖ ಕಾಲಿಗೆ ತಾಗುತ್ತಿತ್ತು. ಸೂರಿನ ಮೇಲೆ ಮಳೆ ಬೀಳುತ್ತಿತ್ತೋ, ನಿಂತಿತ್ತೋ. ಅಜ್ಜಿ ನನ್ನ ತಲೆ ನೇವರಿಸುತ್ತಾ, "ಮಕ್ಕೋ ಬಿಡವಾ ಇನ್ನ, ಭಾಳ ದಣದಿ" ಅಂದಳು. ನಾನು ಆಯಿತು ಅಂದೆ.

ಎಚ್ಚರವಾದಾಗ ನನ್ನ ತಲೆ ಅತ್ತೆಯ ಹೆಗಲ ಮೇಲಿತ್ತು. ಅತ್ತೆಯ ತಲೆ ನಮ್ಮವರ ಹೆಗಲ ಮೇಲೆ. ನಮ್ಮವರು ಗೋಡೆಗೆ ಒರಗಿ ಬಾಯಿ ತೆರೆದು ಮಲಗಿದ್ದರು. ನಮ್ಮ ಮೂವರ ಮೇಲೂ ಸೇರಿಸಿ ಯಾರೋ ಒಂದು ದಪ್ಪ ಕಂಬಳಿ ಹೊದಿಸಿದ್ದರು, ಅದರಿಂದ ಕುದುರೆಯ ವಾಸನೆ ಬರುತ್ತಿತ್ತು. ಎದುರಿಗೆ ಇನ್ನೊಂದು ಸಂಸಾರ ಬಂದು ಕೂತಿತ್ತು. ಅವರು ಪಿಸುಮಾತಿನಲ್ಲಿ ಮಾತಾಡುತ್ತಿದ್ದರು. ಬಾಗಿಲಲ್ಲಿ ಗಡ್ಡದ ಯಜಮಾನ ನಿಂತು, ಹೊಸದಾಗಿ ಬರುವವರಿಗೆಲ್ಲ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದ.

ನಾನು ನಾಚಿಕೊಂಡು ಉಳಿದವರನ್ನು ಎಬ್ಬಿಸಿ, ಕಂಬಳಿ ಮಡಚಿ ಕೊಟ್ಟು, ಕಾರಿಗೆ ಬಂದೆ. ಮಗಳು ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಳ್ಳುತ್ತಾ ಇದೇ ಇರಲಿ ಅಂದಳು. ಇನ್ನೇನೂ ನೋಡುವುದು ಬೇಡ, ನನಗೆ ಇದೇ ಬೇಕು.

"ಯಾಕೆ ಪುಟ್ಟಿ? ಇಲ್ಲಿ ಪರದೆ ಇಲ್ಲ, ಏನಿಲ್ಲ," ಅಂದರು ನಮ್ಮವರು.

ಅವಳು ಸ್ವಲ್ಪ ಯೋಚಿಸಿ ಇಂಗ್ಲಿಷಿನಲ್ಲಿ ಹೇಳಿದಳು: ಎಲ್ಲಾ ಕಡೆ ನನ್ನ ಜೊತೆ ನೀವೂ ಆಡ್ತೀರಿ. ಇಲ್ಲಿ ನೀವು ಮಲಗ್ತೀರಿ.

ನಮ್ಮವರು ಕಾರು ಸ್ಟಾರ್ಟ್ ಮಾಡಿದರು. ಅತ್ತೆ ಮೊಮ್ಮಗಳ ಕೈ ತಟ್ಟಿದರು.

"ನನಗೂ ಇದೇ ಆಗಲಿ. ಬಂದಾಗಿಂದ ಜೆಟ್‌ಲ್ಯಾಗು ಜೆಟ್‌ಲ್ಯಾಗು ಅಂತ ಒದ್ದಾಡ್ತಿದ್ದೆ. ಇವತ್ತು ಹೋಯ್ತು ನೋಡು."

ಆಯುಧಪೂಜೆ

ಹೀಗೆ ಕೊಟ್ಟಿಗೆ ಕೇಜೇ ಗಟ್ಟಿಯಾಯಿತು. ಪ್ರತಿ ಶನಿವಾರ ಹೋದೆವು. ಮಗಳಿಗೆ ಅಲ್ಲಿ ನೆಮ್ಮದಿ ಇತ್ತು, ಆದರೆ ಕಣ್ಣು ಮುಚ್ಚುವುದು ಮಾತ್ರ ಬಿಟ್ಟಿರಲಿಲ್ಲ. ಬಾಲು ಅರ್ಧ ದಾರಿ ಬರುವ ತನಕ ನೋಡುವಳು, ಆಮೇಲೆ ಮುಖ ಕಿವುಚಿ ಬೀಸುವಳು. ಒಂದು ದಿನ ಮನೆಗೆ ಬರುವಾಗ, ನನ್ನ ಕೈಲಿ ಆಗಲ್ಲ ಅನ್ಸುತ್ತೆ, ಬಿಟ್ಟುಬಿಡಲಾ ಅಂತ ಕೇಳಿದಳು. ಕಿಟಕಿಯ ಕಡೆ ಮುಖ ಮಾಡಿಕೊಂಡು ಕೇಳಿದಳು. ನಮ್ಮವರು ಕನ್ನಡಿಯಲ್ಲಿ ಅವಳನ್ನು ನೋಡಿ, ಕಾರಿನ ಹೀಟರ್ ಸ್ವಲ್ಪ ಜಾಸ್ತಿ ಮಾಡಿದರು.

ಅಷ್ಟರಲ್ಲಿ ಆಯುಧಪೂಜೆ ಬಂತು. ಇಲ್ಲಿ ಹಬ್ಬಗಳೂ ಶನಿವಾರಕ್ಕೆ ಕಾಯುತ್ತವೆ. ಅತ್ತೆ ಬೆಳಿಗ್ಗೆ ಎದ್ದು ಕಾರು, ಮಿಕ್ಸಿ, ನಮ್ಮ ಲ್ಯಾಪ್‌ಟಾಪು, ಮಗಳ ಬ್ಯಾಟು, ಹೆಲ್ಮೆಟ್ಟು ಎಲ್ಲದಕ್ಕೂ ಅರಿಶಿನ ಕುಂಕುಮ ಇಟ್ಟರು. ಕೇಜಿಗೆ ಹೊರಡುವಾಗ ಒಂದು ಬುಟ್ಟಿ ಹಿಡಿದುಕೊಂಡು ಬಂದು ಕಾರಲ್ಲಿ ಕೂತರು.

"ಆ ಮಷೀನಿಗೂ ಆಗಬೇಕು. ವಾರ ವಾರ ಮಗು ಮೇಲೆ ಬಾಲ್ ಎಸೆಯೋದು ಅದೇ ತಾನೆ? ಅದನ್ನ ಸಮಾಧಾನ ಮಾಡದೆ ಬ್ಯಾಟಿಗೆ ಪೂಜೆ ಮಾಡಿ ಏನು ಬಂತು," ಅಂದರು.

ಇಳಿಯುವಾಗ ಜಡಿಮಳೆ. ಮಗಳು ಹೆಲ್ಮೆಟ್ ಹಾಕಿಕೊಂಡೇ ಓಡಿ ಒಳಗೆ ಹೋದಳು. ಕುಂಕುಮ ನೆಂದು ಹಣೆಯಿಂದ ಕೆನ್ನೆಯವರೆಗೆ ಕೆಂಪಗೆ ಇಳಿದಿತ್ತು. ಗಡ್ಡದ ಯಜಮಾನ ಅವಳನ್ನು ನೋಡಿದ, ಕೈಯಲ್ಲಿದ್ದ ಕಾಫಿ ಕೆಳಗಿಟ್ಟ, ಹೋಗಿ ಫಸ್ಟ್ ಏಡ್ ಪೆಟ್ಟಿಗೆ ತಂದ. ಅವನು ಹತ್ತಿ ಬಿಚ್ಚುವಷ್ಟರಲ್ಲಿ ನಾನು ಓಡಿ ಹೋಗಿ ವಿಷಯ ಹೇಳಿದೆ. ನಮಗೆ ಕೆಲಸ ಮಾಡಿಕೊಡುವ ವಸ್ತುಗಳಿಗೆ ವರ್ಷಕ್ಕೊಂದು ಸಲ ಕೈ ಮುಗಿಯುತ್ತೇವೆ, ಇವತ್ತು ಆ ಹಬ್ಬ, ನಮ್ಮತ್ತೆ ನಿಮ್ಮ ಮಷೀನಿಗೂ ಮಾಡಬೇಕು ಅಂತಾರೆ, ಅಂದೆ.

ಅವನು ಟೋಪಿ ತೆಗೆದ. ಮಷೀನಿನ ಕಡೆ ತಿರುಗಿ ಸ್ವಲ್ಪ ಹೊತ್ತು ನೋಡಿದ. ಇದಕ್ಕೆ ಬೈದವರನ್ನು ಬಹಳ ಜನ ನೋಡಿದೀನಿ, ಕೈ ಮುಗಿದವರನ್ನು ನೋಡಿಲ್ಲ ಅಂದ. ಆಮೇಲೆ ಒಂದು ಬಟ್ಟೆ ತಂದು ಅದರ ಧೂಳು ಒರೆಸಿದ.

ಮಗಳು ಅಷ್ಟು ಹೊತ್ತಿಗೆ ಮುಖ ಒರೆಸಿಕೊಂಡು, ಕೇಜಿನ ಆ ತುದಿಯಲ್ಲಿ ಬ್ಯಾಟು ಹಿಡಿದು ತನ್ನ ಪಾಡಿಗೆ ತಾನು ಕಾಯುತ್ತಿದ್ದಳು. ಈ ತುದಿಯಲ್ಲಿ ಅತ್ತೆ ಮಷೀನಿಗೆ ಅರಿಶಿನ ಹಚ್ಚಿದರು, ಕುಂಕುಮ ಇಟ್ಟರು, ಸೇವಂತಿಗೆ ಸಿಕ್ಕಿಸಿದರು. ಮರದ ಕೊಟ್ಟಿಗೆ ಅಂತ ಕರ್ಪೂರ ಹಚ್ಚಲಿಲ್ಲ. ಎಲ್ಲಾ ಮುಗಿಯಿತು ಅಂದುಕೊಂಡೆ. ಅತ್ತೆ ಬಗ್ಗಿ ಮಷೀನಿನೊಳಗೆ ನೋಡಿದರು. ಅಲ್ಲಿ ಎರಡು ರಬ್ಬರ್ ಚಕ್ರಗಳಿದ್ದವು. ಅವೆರಡರ ನಡುವೆ ಬಾಲು ಹೋದರೆ ಚಕ್ರ ಅದನ್ನು ಒತ್ತಿ ಎಸೆಯುವುದು.

"ಚಕ್ರ ಇದೆಯಲ್ಲಮ್ಮಾ. ಹಾಗಾದರೆ ವಾಹನವೇ ಇದು. ನಿಂಬೆಹಣ್ಣು ಆಗಬೇಕು," ಅಂದು ಬುಟ್ಟಿಯಿಂದ ಒಂದು ತೆಗೆದರು. ಇಲ್ಲಿಯ ಅಂಗಡಿ ನಿಂಬೆಹಣ್ಣು, ದಪ್ಪ, ಅರಿಶಿನ ಮೆತ್ತಿದ ಹಾಗೆ ಹಳದಿ.

ಯಜಮಾನ ನನ್ನ ಕಡೆ ನೋಡಿದ. ಚಕ್ರಕ್ಕೆ ಕೊಟ್ಟು ಜಜ್ಜಬೇಕು, ದೃಷ್ಟಿ ಹೋಗಲಿ ಅಂತ, ಅಂದೆ.

ಜಜ್ಜಲೇಬೇಕಾ ಅಂತ ಕೇಳಿದ.

"ಜಜ್ಜಲೇಬೇಕು," ಅಂದರು ಅತ್ತೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಅವನಿಗೆ ಕನ್ನಡ ಬರುವುದಿಲ್ಲ, ಆದರೂ ಅರ್ಥವಾಯಿತು. ಮಾಡುವುದಾದರೆ ಸರಿಯಾಗಿ ಮಾಡಬೇಕು ಅನ್ನುವ ಮನುಷ್ಯ ಅವನು. ಸ್ಪಾನರ್ ತಂದು, ತಿರುಪು ತಿರುಗಿಸಿ, ಚಕ್ರಗಳ ನಡುವಿನ ಸಂದನ್ನು ನಿಂಬೆಹಣ್ಣಿಗಿಂತ ಕಿರಿದು ಮಾಡಿದ. ಮಷೀನ್ ಹಚ್ಚಿದ. ಎರಡೂ ಕೈಯಲ್ಲಿ ಭಕ್ತಿಯಿಂದ ನಿಂಬೆಹಣ್ಣನ್ನು ಒಳಗೆ ಬಿಟ್ಟ.

ಅದು ಜಜ್ಜಿಹೋಗಲಿಲ್ಲ. ಹಾರಿತು.

ನನಗೆ ಅದು ನಿದ್ದೆಯಲ್ಲಿ ಕಂಡಷ್ಟು ನಿಧಾನವಾಗಿ ನೆನಪಿದೆ. ಮಳೆ ನಿಂತು ಹಲಗೆ ಸಂದಿನಿಂದ ಬಿದ್ದ ಬೆಳಕಿನ ಕೋಲುಗಳನ್ನು ಒಂದೊಂದಾಗಿ ದಾಟುತ್ತಾ, ಮಿನುಗುತ್ತಾ, ಮಂಕಾಗುತ್ತಾ, ನಿಂಬೆಹಣ್ಣು ತೇಲಿ ಹೋಯಿತು. ಆ ತುದಿಯಲ್ಲಿ ಮಗಳು ಬಾಲು ಬಂತು ಅಂತ ಬ್ಯಾಟು ಎತ್ತಿದಳು. ಅರ್ಧ ದಾರಿಗೆ ಬಂದಾಗ ಅವಳು ಕಣ್ಣು ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಹೆಲ್ಮೆಟ್ಟಿನ ಸರಳುಗಳ ಹಿಂದೆ ಅವಳ ಕಣ್ಣು ಇನ್ನೂ ಅಗಲವಾದವು. ಬಾಲು ಬರಬರುತ್ತಾ ದೊಡ್ಡದಾಗಬೇಕು, ಇದು ಆಗುತ್ತಿಲ್ಲವಲ್ಲ ಅಂತ ನೋಡುತ್ತಾ ನೋಡುತ್ತಾ ಬೀಸಿದಳು.

ಪಚ್ ಅಂತ ಸದ್ದಾಯಿತು. ಆಮೇಲೆ ಒಂದು ಗಳಿಗೆ ಕೊಟ್ಟಿಗೆಯೊಳಗೆ ನಿಂಬೆಹಣ್ಣಿನ ಮಳೆ ಬಂತು. ತುಂತುರು ತುಂತುರಾಗಿ, ಬಲೆ ದಾಟಿ, ನಮ್ಮ ಮುಖದ ಮೇಲೆಲ್ಲ. ಮದುವೆ ಮನೆಯಲ್ಲಿ ಪಾನಕದ ಹಂಡೆ ಪಕ್ಕ ನಿಂತ ಹಾಗೆ ಘಮ್ಮಂತು. ಯಜಮಾನ ಮೀಸೆಯನ್ನು ನಾಲಿಗೆಯಲ್ಲಿ ಮುಟ್ಟಿ ನೋಡಿಕೊಂಡ.

ಮಗಳು ಬ್ಯಾಟಿನಿಂದ ಒಂದು ಬೀಜ ಬಿಡಿಸಿ ನೋಡಿ, ಅದೇನದು ಅಂತ ಕೇಳಿದಳು. ಹೇಳಿದೆ. ಅವಳು ನಗುವುದಕ್ಕೆ ಶುರು ಮಾಡಿದವಳು ನೆಲಕ್ಕೆ ಕೂತುಬಿಟ್ಟಳು. ಬೇಸಿಗೆಯಿಂದ ಈಚೆಗೆ ಅವಳು ಹಾಗೆ ನಕ್ಕಿರಲಿಲ್ಲ.

ಎದ್ದು ನಿಂತು, ಈಗ ನಿಜವಾದ ಬಾಲು ಹಾಕಿ ಅಂದಳು. ಯಜಮಾನ ತಿರುಪು ಸರಿ ಮಾಡಿ ಹಾಕಿದ. ಅವಳು ಹೊಡೆದಳು. ಇನ್ನೊಂದು ಹಾಕಿದ. ಅದನ್ನೂ ಹೊಡೆದಳು. ಇದು ಎಷ್ಟು ದೊಡ್ಡದಾಗಿ ಕಾಣ್ತಿದೆ ಅಮ್ಮ, ಚಂದ್ರನ ಹಾಗೆ ಅಂದಳು. ಅಂದದ್ದು ಇಂಗ್ಲಿಷಿನಲ್ಲೇ, ಆದರೆ ಅತ್ತೆಗೂ ಅರ್ಥವಾಯಿತು. ಅವಳು ಹೊಡೆಯುತ್ತಲೇ ಇದ್ದಳು, ಕಣ್ಣು ತೆರೆದುಕೊಂಡು, ನಗುತ್ತಾ. ನಮ್ಮವರು ಬಲೆ ಹಿಡಿದುಕೊಂಡು ನಿಂತಿದ್ದರು. ಭುಜದ ಬಗ್ಗೆ, ಮೊಣಕೈಯ ಬಗ್ಗೆ, ಒಂದು ಮಾತೂ ಆಡಲಿಲ್ಲ. ಕಣ್ಣು ಒರೆಸಿಕೊಂಡರು. ಕೇಳಿದ್ದಕ್ಕೆ ನಿಂಬೆಹುಳಿ ಅಂದರು.

ಚಳಿಗಾಲ ಕಳೆದ ಮೇಲೆ ತಂಡಕ್ಕೆ ಆಯ್ಕೆಯಾದಳು. ಅವಳ ಕೋಚ್ ಬಂದು, ಯಾವ ಕೇಜಿಗೆ ಹಾಕಿದಿರಿ, ಅಲ್ಲಿ ಏನು ವಿಧಾನ ಅಂತ ಕೇಳಿದಳು. ಹಳೇ ಮಷೀನು ಅಂತ ಹೇಳಿ ಸುಮ್ಮನಾದೆ.

ಆದರೆ ಆ ಪೂಜೆಯ ದಿನ ಕೊಟ್ಟಿಗೆಯಲ್ಲಿ ಮಾತು ಅಲ್ಲಿಗೇ ಮುಗಿಯಲಿಲ್ಲ. ಮಗಳು ಸುಸ್ತಾಗಿ ನೀರು ಕುಡಿಯುವುದಕ್ಕೆ ಹೊರಗೆ ಬಂದಾಗ, ಯಜಮಾನ ಟೋಪಿ ಕೈಯಲ್ಲಿ ಹಿಡಿದು ನನ್ನ ಹತ್ತಿರ ಬಂದ. ಇನ್ನೊಂದು ಕೇಜಿನ ಮಷೀನು ವರ್ಷದಿಂದ ತೊಂದರೆ ಕೊಡುತ್ತಿದೆ, ಅದಕ್ಕೂ ನಿಮ್ಮತ್ತೆ ಹೀಗೇ ಮಾಡಿಕೊಡುತ್ತಾರಾ ಅಂತ ಕೇಳಿದ. ನಾನು ಅದನ್ನು ಅತ್ತೆಗೆ ಹೇಳಿದೆ.

ಅತ್ತೆ ಸೆರಗಿನಲ್ಲಿ ಕನ್ನಡಕ ಒರೆಸಿಕೊಳ್ಳುತ್ತಾ ಬುಟ್ಟಿಯೊಳಗೆ ನೋಡಿದರು. ಆಮೇಲೆ ಆ ಎರಡನೇ ಮಷೀನನ್ನು ನೋಡಿದರು.

"ನಿಂಬೆಹಣ್ಣು ಮುಗೀತಲ್ಲಮ್ಮಾ," ಅಂದರು. "ಕಾರಲ್ಲಿ ಬೂದುಗುಂಬಳಕಾಯಿ ಇದೆ. ಸಂದು ಇನ್ನೂ ಸ್ವಲ್ಪ ದೊಡ್ಡದು ಮಾಡ್ತಾರಾ, ಕೇಳು."